ವಿಮಾನ ಅಪಘಾತದ ತನಿಖಾ ವರದಿಯನ್ನು ಓದುವ ಬಗೆ

ಪ್ರಾದೇಶಿಕ ಮಾರ್ಗದಲ್ಲಿ ಹಾರುವ ಐವತ್ತು ಎಪ್ಪತ್ತು ಆಸನಗಳ ವಿಮಾನವೊಂದು ಬಿದ್ದಾಗ ಮೊದಲ ಕೆಲವು ದಿನ ಸುದ್ದಿಯೆಲ್ಲ ಅದೇ ಆಗಿರುತ್ತದೆ, ತಿಂಗಳು ತುಂಬುವ ಹೊತ್ತಿಗೆ ಅದು ಒಳಪುಟಕ್ಕೆ ಸರಿದಿರುತ್ತದೆ. ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಅಂತಿಮ ತನಿಖಾ ವರದಿ ಹೊರಬಂದಾಗ ಅದನ್ನು ಮೊದಲಿಂದ ಕೊನೆಯವರೆಗೆ ಓದುವವರು ತೀರ ಕಡಿಮೆ. ಆದರೆ ಆ ಅಪಘಾತದ ಬಗ್ಗೆ ಪರಿಶೀಲಿಸಿ ಖಚಿತಪಡಿಸಿಕೊಂಡ ಸಂಗತಿಗಳು ಒಟ್ಟಾಗಿ ಸಿಗುವುದು ಆ ಒಂದು ದಾಖಲೆಯಲ್ಲಿ ಮಾತ್ರ. ಬಹುಪಾಲು ತನಿಖಾ ಸಂಸ್ಥೆಗಳು ತಮ್ಮ ವರದಿಗಳನ್ನು ಯಾರು ಬೇಕಾದರೂ ಓದುವಂತೆ ಜಾಲತಾಣದಲ್ಲಿ ಉಚಿತವಾಗಿ ಇರಿಸಿರುತ್ತವೆ. ಅವನ್ನು ಓದಲು ಎಂಜಿನಿಯರ್ ಆಗಿರಬೇಕೆಂದೇನೂ ಇಲ್ಲ. ಎಲ್ಲಿಂದ ತೊಡಗಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಎಷ್ಟು ತೂಕ ಕೊಡಬೇಕು ಎಂಬುದು ಗೊತ್ತಿದ್ದರೆ ಸಾಮಾನ್ಯ ಓದುಗರೂ ಅವುಗಳಿಂದ ಬಹಳಷ್ಟು ತಿಳಿಯಬಹುದು.

ಕೈಯಲ್ಲಿರುವುದು ಯಾವ ವರದಿ?

ಮೊದಲು ಮಾಡಬೇಕಾದ ಕೆಲಸ, ತೆರೆದಿರುವ ದಾಖಲೆ ಯಾವುದೆಂದು ಗುರುತಿಸಿಕೊಳ್ಳುವುದು. ಅಪಘಾತದ ತನಿಖೆ ಹೇಗೆ ನಡೆಯಬೇಕೆಂಬುದನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1951ರಲ್ಲಿ ಮೊದಲ ಬಾರಿಗೆ ಅಂಗೀಕರಿಸಿದ, ಆಮೇಲೆ ಹಲವು ಸಲ ಪರಿಷ್ಕರಿಸಿದ 13ನೆಯ ಅನುಬಂಧ ವಿವರಿಸುತ್ತದೆ. ಅದರ ಪ್ರಕಾರ ಅಪಘಾತವಾದ 30 ದಿನಗಳೊಳಗೆ ಪ್ರಾಥಮಿಕ ವರದಿ ಸಿದ್ಧವಾಗಬೇಕು. ಅಂತಿಮ ವರದಿ ಸಾಧ್ಯವಿದ್ದರೆ 12 ತಿಂಗಳೊಳಗೆ ಬರಬೇಕು. ಬರದಿದ್ದರೆ ಅಪಘಾತ ನಡೆದ ದಿನಾಂಕಕ್ಕೆ ಪ್ರತಿ ವರ್ಷವೂ ತನಿಖೆ ಎಲ್ಲಿಗೆ ಬಂತೆಂದು ತಿಳಿಸುವ ಮಧ್ಯಂತರ ಹೇಳಿಕೆಯನ್ನು ಪ್ರಕಟಿಸಬೇಕು. ಈ ಮೂರೂ ಒಂದೇ ಬಗೆಯ ದಾಖಲೆಗಳೆಂದು ಭಾವಿಸಿ ಓದಿದರೆ ದಾರಿ ತಪ್ಪುವುದು ನಿಶ್ಚಿತ.

ಪ್ರಾಥಮಿಕ ವರದಿಯಲ್ಲಿ ಸಾಮಾನ್ಯವಾಗಿ ಕಾರಣ ಇರುವುದಿಲ್ಲ, ಇರಲೂ ಬಾರದು. 2024ರ ಆಗಸ್ಟ್ 9ರಂದು ಬ್ರೆಜಿಲ್‌ನ ವಿನ್ಯೆದೊ ಎಂಬಲ್ಲಿ ವೋಪಾಸ್ ಸಂಸ್ಥೆಯ, ಎರಡು ಪ್ರೊಪೆಲ್ಲರ್ ಎಂಜಿನ್‌ಗಳ ಎಟಿಆರ್ 72 ವಿಮಾನ ಗಿರಕಿ ಹೊಡೆಯುತ್ತ ನೆಲಕ್ಕೆ ಬಿದ್ದು ಅದರಲ್ಲಿದ್ದ 62 ಜನರೂ ತೀರಿಕೊಂಡರು. ಸೆಪ್ಟೆಂಬರ್ 6ರಂದು ಬಂದ ಪ್ರಾಥಮಿಕ ವರದಿಯಲ್ಲಿ ವಿಮಾನದ ಮೇಲೆ ಹಿಮ ಕಟ್ಟುತ್ತಿರುವ ಬಗ್ಗೆ ಪೈಲಟ್‌ಗಳು ಆಡಿದ ಮಾತು, ಹಿಮ ಉದುರಿಸುವ ವ್ಯವಸ್ಥೆಯನ್ನು ಹಾಕಿ ಆರಿಸಿದ ಸಮಯ ಇವೆಲ್ಲ ಇದ್ದವು. ಹಿಮವೇ ಕಾರಣವೆಂಬ ತೀರ್ಮಾನ ಅದರಲ್ಲಿ ಇರಲಿಲ್ಲ. ಮರುದಿನದ ತಲೆಬರಹಗಳು ಮಾತ್ರ ಆ ಅಂತರವನ್ನು ಒಂದೇ ಹೆಜ್ಜೆಯಲ್ಲಿ ದಾಟಿಬಿಡುತ್ತವೆ. ಪ್ರಾಥಮಿಕ ವರದಿಯನ್ನು ಓದುವಾಗ ಏನು ನಡೆಯಿತು, ಯಾವ ಕ್ರಮದಲ್ಲಿ ನಡೆಯಿತು ಎಂಬಷ್ಟನ್ನೇ ಅದರಿಂದ ತೆಗೆದುಕೊಳ್ಳಬೇಕು. ಏಕೆ ಎಂಬ ಪ್ರಶ್ನೆಯನ್ನು ಅಂತಿಮ ವರದಿಗಾಗಿ ಕಾಯ್ದಿರಿಸಬೇಕು.

ವರದಿ ಹುಡುಕುವಾಗ ಫ್ಲೈಟ್ ಸಂಖ್ಯೆಗಿಂತ ವಿಮಾನದ ನೋಂದಣಿ ಗುರುತು ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಅದೇ ಫ್ಲೈಟ್ ಸಂಖ್ಯೆ ದಿನವೂ ಬೇರೆ ಬೇರೆ ವಿಮಾನಗಳಿಗೆ ಅಂಟಿಕೊಳ್ಳುತ್ತದೆ. ವರದಿಯ ಪರಿಷ್ಕೃತ ಪ್ರತಿಯೇನಾದರೂ ಇದೆಯೇ ಎಂದೂ ನೋಡಿಕೊಳ್ಳಬೇಕು. ಮೂಲ ಒಂದು ಭಾಷೆಯಲ್ಲಿದ್ದು ಅನುವಾದವೂ ಪ್ರಕಟವಾಗಿದ್ದರೆ, ವ್ಯತ್ಯಾಸ ಬಂದಲ್ಲಿ ಮೂಲವೇ ಪ್ರಮಾಣವೆಂಬ ಸೂಚನೆ ಸಾಮಾನ್ಯವಾಗಿ ಮೊದಲ ಪುಟಗಳಲ್ಲೇ ಇರುತ್ತದೆ.

ಯಾರು ಬರೆದರು, ಯಾವ ಉದ್ದೇಶಕ್ಕೆ?

ಅಪಘಾತ ಯಾವ ದೇಶದ ನೆಲದಲ್ಲಿ ನಡೆಯಿತೋ ಆ ದೇಶವೇ ತನಿಖೆ ನಡೆಸುತ್ತದೆ. ವಿಮಾನ ನೋಂದಣಿಯಾದ ದೇಶ, ಅದನ್ನು ಓಡಿಸುವ ಸಂಸ್ಥೆಯ ದೇಶ, ವಿನ್ಯಾಸ ಮಾಡಿದ ದೇಶ, ತಯಾರಿಸಿದ ದೇಶ ಇವೆಲ್ಲ ತಮ್ಮ ಅಧಿಕೃತ ಪ್ರತಿನಿಧಿಗಳನ್ನು ಕಳಿಸಬಹುದು. ವಿಮಾನ ತಯಾರಿಸಿದ ಕಂಪನಿಯವರು ಆ ಪ್ರತಿನಿಧಿಗೆ ಸಲಹೆಗಾರರಾಗಿ ಬರುತ್ತಾರೆ. ಆರೋಪಕ್ಕೆ ಗುರಿಯಾಗಬಹುದಾದ ಕಂಪನಿಯೇ ತನಿಖೆಯಲ್ಲಿ ಕೂರುವುದೆಂದರೇನು ಎಂಬ ಅನುಮಾನ ಸಹಜವೇ, ಆದರೆ ಆ ಯಂತ್ರದ ಒಳಹೊರಗನ್ನು ಅವರಷ್ಟು ಬಲ್ಲವರು ಬೇರೆ ಇರುವುದಿಲ್ಲ. ಅವರ ಹೇಳಿಕೆಯನ್ನು ತನಿಖಾಧಿಕಾರಿಗಳು ಸ್ವತಂತ್ರವಾಗಿ ಪರೀಕ್ಷಿಸಿದ್ದಾರೆಯೇ ಎಂಬುದನ್ನು ಓದುಗರು ಗಮನಿಸಬೇಕು. ಕೆಲವು ದೇಶಗಳಲ್ಲಿ ತನಿಖೆ ಮಾಡುವವರೂ ವಿಮಾನಯಾನವನ್ನು ನಿಯಂತ್ರಿಸುವವರೂ ಒಂದೇ ಸಚಿವಾಲಯದ ಅಡಿಯಲ್ಲಿರುತ್ತಾರೆ. ಅಂಥ ಕಡೆಯಿಂದ ಬಂದ ವರದಿಯಲ್ಲಿ ನಿಯಂತ್ರಕ ಸಂಸ್ಥೆಯ ಲೋಪಗಳ ಬಗ್ಗೆ ಎಷ್ಟು ಪುಟಗಳಿವೆ ಎಂದು ನೋಡುವುದು ವರದಿಯ ಧೈರ್ಯವನ್ನು ಅಳೆಯಲು ಒಳ್ಳೆಯ ದಾರಿ.

ಉದ್ದೇಶದ ವಿಷಯದಲ್ಲಿ 13ನೆಯ ಅನುಬಂಧ ಸ್ಪಷ್ಟವಾಗಿದೆ. ಮುಂದೆ ಇಂಥ ಅಪಘಾತ ಆಗದಂತೆ ತಡೆಯುವುದೊಂದೇ ತನಿಖೆಯ ಗುರಿ; ತಪ್ಪು ಯಾರದು, ಹೊಣೆ ಯಾರದು ಎಂದು ಹಂಚುವುದು ಅದರ ಕೆಲಸವಲ್ಲ. ಅದಕ್ಕೆ ನ್ಯಾಯಾಲಯಗಳಿವೆ, ಅವುಗಳ ದಾರಿಯೇ ಬೇರೆ. 2005ರ ಆಗಸ್ಟ್ 6ರಂದು ಟ್ಯುನಿಂಟರ್ ಸಂಸ್ಥೆಯ ಎಟಿಆರ್ 72 ವಿಮಾನ ಇಂಧನ ಮುಗಿದು ಸಿಸಿಲಿ ದ್ವೀಪದ ಪಲೆರ್ಮೊ ಬಳಿ ಸಮುದ್ರಕ್ಕಿಳಿಯಿತು; ಅದರಲ್ಲಿದ್ದ 39 ಜನರಲ್ಲಿ 16 ಜನ ಸತ್ತರು. ಇಟಲಿಯ ತನಿಖಾ ಸಂಸ್ಥೆಯ ವರದಿ ಇಂಧನ ಮಾಪಕ, ಬಿಡಿಭಾಗಗಳ ದಾಖಲೆ, ದುರಸ್ತಿ ವಿಭಾಗದ ಪದ್ಧತಿ ಇವುಗಳ ಸುತ್ತ ನಡೆದರೆ, ಇಟಲಿಯ ನ್ಯಾಯಾಲಯ 2009ರಲ್ಲಿ ಪೈಲಟ್‌ಗಳೂ ಸೇರಿದಂತೆ ಏಳು ಜನರಿಗೆ ಶಿಕ್ಷೆ ವಿಧಿಸಿತು. ಒಂದರ ಭಾಷೆಯನ್ನು ಇನ್ನೊಂದರ ಮೇಲೆ ಹೇರಿ ಓದಬಾರದು. ವರದಿಯಲ್ಲಿ ಒಬ್ಬರ ಕೆಲಸದ ವಿವರ ಬಂದಿದೆಯೆಂದರೆ ಅದು ಅವರ ಮೇಲಿನ ಆರೋಪಪಟ್ಟಿಯಲ್ಲ.

ಓದುವ ಕ್ರಮ

ಅಂತಿಮ ವರದಿಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಚೌಕಟ್ಟು. ಸಾರಾಂಶದ ನಂತರ ಒಂದನೆಯ ಅಧ್ಯಾಯ ಸಂಗತಿಗಳದು, ಎರಡನೆಯದು ವಿಶ್ಲೇಷಣೆ, ಮೂರನೆಯದು ತೀರ್ಮಾನ, ನಾಲ್ಕನೆಯದು ಶಿಫಾರಸು, ಕೊನೆಗೆ ಅಡಕಗಳು. ಬಹಳ ಜನ ನೇರವಾಗಿ ಮೂರನೆಯ ಅಧ್ಯಾಯಕ್ಕೆ ಹೋಗುತ್ತಾರೆ. ನನ್ನ ಸಲಹೆ ಅದಕ್ಕೆ ತೀರ ವಿರುದ್ಧವಾದದ್ದು: ಸಾರಾಂಶವನ್ನೂ ಬಿಟ್ಟು ಒಂದನೆಯ ಅಧ್ಯಾಯದಿಂದಲೇ ತೊಡಗಿ. ಕೊನೆಯನ್ನು ತಿಳಿದುಕೊಂಡು ಓದಿದರೆ ಪೈಲಟ್ ಮಾಡಿದ ಪ್ರತಿಯೊಂದು ಕೆಲಸವೂ ಮೊದಲೇ ತಪ್ಪಾಗಿ ಕಾಣುತ್ತದೆ. ಕೊನೆ ಗೊತ್ತಿಲ್ಲದೆ ಓದಿದರೆ, ಆ ಕ್ಷಣದಲ್ಲಿ ಕಾಕ್‌ಪಿಟ್‌ನಲ್ಲಿ ಕೂತವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದು ಸ್ವಲ್ಪ ಮಟ್ಟಿಗಾದರೂ ಮನಸ್ಸಿಗೆ ಬರುತ್ತದೆ. ಈ ವರದಿಗಳನ್ನು ಓದುವುದರ ಪ್ರಯೋಜನವೆಲ್ಲ ಅಲ್ಲಿಯೇ ಇದೆಯೆಂದು ನಾನು ನಂಬುತ್ತೇನೆ.

ಓದಲು ಕೂರುವ ಮೊದಲು ಕಾಲಮಾನ ಮತ್ತು ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಕೆಲವು ವರದಿಗಳು ಸ್ಥಳೀಯ ಸಮಯ ಬಳಸುತ್ತವೆ, ಕೆಲವು ಜಾಗತಿಕ ಪ್ರಮಾಣ ಸಮಯ. ನೇಪಾಳದಂಥ ದೇಶದಲ್ಲಿ ಇವೆರಡರ ನಡುವೆ 5 ಗಂಟೆ 45 ನಿಮಿಷಗಳ ಅಂತರವಿದೆ. ಎತ್ತರ ಅಡಿಗಳಲ್ಲಿ, ವೇಗ ನಾಟ್‌ಗಳಲ್ಲಿ ಇರುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಎತ್ತರವನ್ನು ಸಮುದ್ರಮಟ್ಟದಿಂದ ಹೇಳಿದ್ದಾರೋ ಕೆಳಗಿರುವ ನೆಲದಿಂದ ಹೇಳಿದ್ದಾರೋ ಎಂಬುದನ್ನು ಪ್ರತಿ ಸಲವೂ ನೋಡಬೇಕು, ಗುಡ್ಡಗಾಡಿನ ವಿಮಾನ ನಿಲ್ದಾಣಗಳ ವಿಷಯದಲ್ಲಂತೂ ಇದು ಅತಿ ಮುಖ್ಯ.

ಒಂದು ನಿಮಿಷವನ್ನು ಹತ್ತಿರದಿಂದ

ಸಂಗತಿಗಳ ಅಧ್ಯಾಯ ಹಾರಾಟದ ಇತಿಹಾಸದೊಂದಿಗೆ ತೊಡಗುತ್ತದೆ. ಇದನ್ನು ಹೇಗೆ ಓದಬೇಕೆಂಬುದಕ್ಕೆ ಯೇತಿ ಏರ್‌ಲೈನ್ಸ್‌ನ 691ನೆಯ ಫ್ಲೈಟ್‌ನ ವರದಿ ಒಳ್ಳೆಯ ಪಾಠ. 2023ರ ಜನವರಿ 15ರಂದು ಕಠ್ಮಂಡುವಿನಿಂದ ಹೊರಟ ಆ ಎಟಿಆರ್ 72 ವಿಮಾನ, ಎರಡು ವಾರಗಳ ಹಿಂದೆಯಷ್ಟೇ ತೆರೆದಿದ್ದ ಪೋಖರಾ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಇಳಿಯುವ ಹೊತ್ತಿನಲ್ಲಿ ಕಂದರಕ್ಕೆ ಬಿದ್ದು 72 ಜನರೂ ಮೃತಪಟ್ಟರು. ಎಡಗಡೆಯ ಆಸನದಲ್ಲಿದ್ದ ಪೈಲಟ್ ಆ ನಿಲ್ದಾಣವನ್ನು ಪರಿಚಯ ಮಾಡಿಕೊಳ್ಳುತ್ತಿದ್ದರು. ಬಲಗಡೆಯಲ್ಲಿ ಬೋಧಕ ಕ್ಯಾಪ್ಟನ್ ಕೂತು ಉಸ್ತುವಾರಿ ನೋಡುತ್ತಿದ್ದರು.

ಇಳಿಯುವ ಸಿದ್ಧತೆಯಲ್ಲಿ ವಿಮಾನ ಓಡಿಸುತ್ತಿದ್ದ ಪೈಲಟ್, ಕಡಿಮೆ ವೇಗದಲ್ಲೂ ಎತ್ತುವ ಬಲ ಸಿಗುವಂತೆ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಫ್ಲ್ಯಾಪ್‌ಗಳನ್ನು 30 ಡಿಗ್ರಿಗೆ ಇಳಿಸುವಂತೆ ಕೇಳಿದರು. ಬಲಗಡೆಯವರು ಆಯಿತೆಂದು ಉತ್ತರಿಸಿದರು. ಹಾರಾಟದ ದತ್ತಾಂಶ ದಾಖಲಿಸುವ ಪೆಟ್ಟಿಗೆಯ ಪ್ರಕಾರ ಆ ಕ್ಷಣದಲ್ಲಿ ಫ್ಲ್ಯಾಪ್ ಅಲುಗಲೇ ಇಲ್ಲ. ಅದರ ಬದಲು ಎರಡೂ ಪ್ರೊಪೆಲ್ಲರ್‌ಗಳ ಸುತ್ತುವ ವೇಗ ಒಟ್ಟಿಗೇ ಕುಸಿಯಿತು, ಎಂಜಿನ್‌ನಿಂದ ಪ್ರೊಪೆಲ್ಲರ್‌ಗೆ ಹೋಗುವ ತಿರುಚುಬಲ ಸೊನ್ನೆಯತ್ತ ಇಳಿಯಿತು. ಓದುಗರು ಇಲ್ಲಿ ನಿಲ್ಲಬೇಕು. ಒಂದು ಎಂಜಿನ್ ಕೆಟ್ಟರೆ ಒಂದು ಗೆರೆ ಕುಸಿಯುತ್ತದೆ. ಎರಡು ಬೇರೆ ಬೇರೆ ಎಂಜಿನ್‌ಗಳ ಗೆರೆಗಳು ಒಂದೇ ಸೆಕೆಂಡಿನಲ್ಲಿ ಒಂದೇ ರೀತಿಯಲ್ಲಿ ಕುಸಿಯುವುದೆಂದರೆ ಎರಡಕ್ಕೂ ಸಮಾನವಾದ ಯಾವುದೋ ಒಂದು ನಡೆದಿದೆಯೆಂದು ಅರ್ಥ. ಎಟಿಆರ್ ವಿಮಾನದ ಮಧ್ಯದ ಪೀಠದಲ್ಲಿ ಶಕ್ತಿ ಹೆಚ್ಚುಕಡಿಮೆ ಮಾಡುವ ಲಿವರ್‌ಗಳು, ಪ್ರೊಪೆಲ್ಲರ್ ಸ್ಥಿತಿಯನ್ನು ಬದಲಿಸುವ ಕಂಡೀಷನ್ ಲಿವರ್‌ಗಳು, ಫ್ಲ್ಯಾಪ್ ಲಿವರ್ ಇವೆಲ್ಲ ಪಕ್ಕಪಕ್ಕದಲ್ಲಿವೆ. ಫ್ಲ್ಯಾಪ್ ಲಿವರ್‌ಗೆ ಬದಲಾಗಿ ಎರಡೂ ಕಂಡೀಷನ್ ಲಿವರ್‌ಗಳು ಫೆದರ್ ಎಂಬ ಸ್ಥಾನಕ್ಕೆ ಸರಿದಿದ್ದವು ಎಂಬುದು ತನಿಖೆಯ ತೀರ್ಮಾನ. ಆ ಸ್ಥಾನದಲ್ಲಿ ಪ್ರೊಪೆಲ್ಲರ್‌ನ ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಲ್ಲುತ್ತವೆ, ಎಂಜಿನ್ ಓಡುತ್ತಿದ್ದರೂ ವಿಮಾನವನ್ನು ಮುಂದಕ್ಕೆಳೆಯುವ ಬಲ ಇರುವುದಿಲ್ಲ.

ಮುಂದಿನ ಸಾಲುಗಳನ್ನು ಇನ್ನೂ ನಿಧಾನವಾಗಿ ಓದಬೇಕು. ಎಚ್ಚರಿಕೆಯ ಸದ್ದು ಒಮ್ಮೆ ಕೇಳಿಸಿತು. ಇಳಿಯುವ ಮೊದಲಿನ ಪರಿಶೀಲನಾ ಪಟ್ಟಿಯನ್ನು ಇಬ್ಬರೂ ಓದಿ ಮುಗಿಸಿದರು. ಆಮೇಲೆ ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಕ್ಲಿಕ್ ಎಂಬ ಸದ್ದು ಬಂತು, ಫ್ಲ್ಯಾಪ್‌ಗಳು ಆಗ 30 ಡಿಗ್ರಿಗೆ ಇಳಿದವು. ಅಂದರೆ ಫ್ಲ್ಯಾಪ್ ಇಳಿದಿಲ್ಲವೆಂಬುದು ಗಮನಕ್ಕೆ ಬಂದು ಅದು ಸರಿಯಾಯಿತು, ಆದರೆ ಮೊದಲು ಅಲುಗಿದ ಲಿವರ್ ಯಾವುದೆಂಬ ಪ್ರಶ್ನೆ ಅಲ್ಲಿ ಏಳಲಿಲ್ಲ. ಇಳಿಯಲು ಅನುಮತಿ ಬಂದಾಗ ವಿಮಾನ ಓಡಿಸುತ್ತಿದ್ದ ಪೈಲಟ್, ಎಂಜಿನ್‌ನಿಂದ ಶಕ್ತಿ ಬರುತ್ತಿಲ್ಲವೆಂದು ಎರಡು ಸಲ ಹೇಳಿದರು. ಶಕ್ತಿಯ ಲಿವರ್‌ಗಳನ್ನು ಕೊನೆಯವರೆಗೆ ತಳ್ಳಿದರೂ ಪ್ರಯೋಜನವಾಗಲಿಲ್ಲ. ವಿಮಾನದ ನಿಯಂತ್ರಣ ಕೈಬದಲಾಯಿತು. ವೇಗ ತೀರ ಇಳಿದಿದೆಯೆಂದು ಎಚ್ಚರಿಸಲು ನಿಯಂತ್ರಣದ ಹಿಡಿ ತಾನಾಗಿ ನಡುಗತೊಡಗಿತು, ರೆಕ್ಕೆಯ ಮೇಲಿನ ಗಾಳಿಯ ಹರಿವು ಕಡಿದು ವಿಮಾನ ಒಂದು ಬದಿಗೆ ವಾಲಿ ಬಿತ್ತು. ಫ್ಲ್ಯಾಪ್ ಕೇಳಿದಲ್ಲಿಂದ ನೆಲಕ್ಕೆ ಅಪ್ಪಳಿಸಿದಲ್ಲಿಯವರೆಗೆ ಕಳೆದದ್ದು ಸುಮಾರು ಒಂದು ನಿಮಿಷ.

ಇಷ್ಟನ್ನು ಓದಿ "ಪೈಲಟ್ ತಪ್ಪು ಲಿವರ್ ಎಳೆದ" ಎಂದು ವರದಿ ಮುಚ್ಚುವುದು ಸುಲಭ. ವರದಿ ಅಲ್ಲಿಗೆ ನಿಲ್ಲುವುದಿಲ್ಲ, ಓದುಗರೂ ನಿಲ್ಲಬಾರದು. ಗುಡ್ಡಗಳು ಹತ್ತಿರವಿದ್ದುದರಿಂದ ಆ ರನ್‌ವೇಗೆ ಬಹಳ ಬಿಗಿಯಾದ ಸುತ್ತು ಹಾಕಿ ಇಳಿಯಬೇಕಾಗಿತ್ತು. ಆ ಬಗೆಯ ಇಳಿತಕ್ಕೆ ಸಿಮ್ಯುಲೇಟರ್‌ನಲ್ಲಿ ತಕ್ಕ ತರಬೇತಿ ಆಗಿರಲಿಲ್ಲ. ಹೊಸ ನಿಲ್ದಾಣದ ಒತ್ತಡವಿತ್ತು. ನಿಗದಿತ ಕಾರ್ಯವಿಧಾನಗಳ ಪಾಲನೆಯಲ್ಲೂ ಇಬ್ಬರು ಪೈಲಟ್‌ಗಳ ನಡುವಿನ ಹೊಂದಾಣಿಕೆಯಲ್ಲೂ ಕೊರತೆಯಿತ್ತು ಎಂದು ಅದು ಪಟ್ಟಿಮಾಡುತ್ತದೆ. ಕೈ ತಪ್ಪಿದ್ದು ಒಂದು ಸೆಕೆಂಡಿನ ಸಂಗತಿ. ಕೈ ತಪ್ಪಬಹುದಾದ ಪರಿಸ್ಥಿತಿ ವಾರಗಳ ಹಿಂದಿನಿಂದ ಕೂಡಿಬಂದಿತ್ತು, ಮತ್ತು ಸರಿಪಡಿಸಲು ಸಾಧ್ಯವಿರುವುದು ಆ ಪರಿಸ್ಥಿತಿಯನ್ನೇ.

ಬ್ಲ್ಯಾಕ್ ಬಾಕ್ಸ್‌ನ ಪುಟಗಳು

ಬ್ಲ್ಯಾಕ್ ಬಾಕ್ಸ್ ಎಂದು ಕರೆಯುವುದು ಕಿತ್ತಳೆ ಬಣ್ಣದ ಎರಡು ಪೆಟ್ಟಿಗೆಗಳನ್ನು. ಒಂದು ಹಾರಾಟದ ದತ್ತಾಂಶವನ್ನು ಸುಮಾರು 25 ಗಂಟೆಗಳಷ್ಟು ಹಿಡಿದಿಡುತ್ತದೆ. ಇನ್ನೊಂದು ಕಾಕ್‌ಪಿಟ್‌ನ ಧ್ವನಿಯನ್ನು, ಹಳೆಯವುಗಳಲ್ಲಿ ಅರ್ಧ ಗಂಟೆ, ಆಮೇಲಿನವುಗಳಲ್ಲಿ ಎರಡು ಗಂಟೆಗಳಷ್ಟು ಉಳಿಸುತ್ತದೆ. ಅಡಕದಲ್ಲಿರುವ ನಕ್ಷೆಗಳಲ್ಲಿ ಕೆಳಗಿನ ಅಡ್ಡಗೆರೆ ಸಮಯ. ಅದರ ಮೇಲೆ ಒಂದರ ಮೇಲೊಂದರಂತೆ ವೇಗ, ಎತ್ತರ, ಎಂಜಿನ್, ನಿಯಂತ್ರಣಗಳ ಗೆರೆಗಳು. ನೇರವಾದ ಪಟ್ಟಿಯೊಂದನ್ನು ಲಂಬವಾಗಿ ಇಟ್ಟು ಎಡದಿಂದ ಬಲಕ್ಕೆ ಸರಿಸುತ್ತ ಹೋಗಿ, ಮೊದಲು ಬದಲಾದ ಗೆರೆ ಯಾವುದು ಎಂದು ಹುಡುಕಿ. ಎಷ್ಟೋ ವಾದಗಳಿಗೆ ಉತ್ತರ ಆ ಒಂದು ಬಿಂದುವಿನಲ್ಲಿ ಇರುತ್ತದೆ.

ಧ್ವನಿಯ ಲಿಖಿತ ರೂಪವನ್ನು ಓದುವಾಗ ಎರಡು ವಿಷಯ ನೆನಪಿಡಬೇಕು. ತನಿಖೆಗೆ ಸಂಬಂಧಿಸಿದ ಭಾಗವನ್ನಷ್ಟೇ ಪ್ರಕಟಿಸಬೇಕೆಂಬ ನಿಯಮವಿರುವುದರಿಂದ ಅದು ಪೂರ್ಣ ಸಂಭಾಷಣೆಯಾಗಿರುವುದಿಲ್ಲ. ಎರಡನೆಯದು, ಮಾತಿಗಿಂತ ಸದ್ದು ಹೆಚ್ಚು ಹೇಳಬಹುದು: ಲಿವರ್ ಸರಿದ ಕ್ಲಿಕ್, ಎಚ್ಚರಿಕೆಯ ಗಂಟೆ, ಪ್ರೊಪೆಲ್ಲರ್‌ನ ಸ್ವರ ಬದಲಾದದ್ದು. ಇವು ಸತ್ತವರ ಕೊನೆಯ ಮಾತುಗಳು ಎಂಬುದನ್ನೂ ಮರೆಯಬಾರದು. ಅವನ್ನು ತುಂಡರಿಸಿ ಹಂಚಿಕೊಳ್ಳುವುದರಿಂದ ಯಾರ ತಿಳಿವಳಿಕೆಯೂ ಹೆಚ್ಚುವುದಿಲ್ಲ, ಮನೆಯವರ ನೋವು ಮಾತ್ರ ಹೆಚ್ಚುತ್ತದೆ.

2015ರ ಫೆಬ್ರುವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ಸಂಸ್ಥೆಯ ಎಟಿಆರ್ 72 ನದಿಗೆ ಬಿದ್ದು 58 ಜನರಲ್ಲಿ 43 ಜನ ಸತ್ತ ಪ್ರಕರಣದಲ್ಲಿ ಎರಡೂ ಪೆಟ್ಟಿಗೆಗಳು ಸೇರಿ ಕಥೆ ಹೇಳಿದವು. ಬಲ ಎಂಜಿನ್‌ಗೆ ಸಂಬಂಧಿಸಿದ ಬೆಸುಗೆಯೊಂದು ಸಡಿಲವಾಗಿ, ತಪ್ಪು ಸಂಕೇತದಿಂದ ಅದರ ಪ್ರೊಪೆಲ್ಲರ್ ತಾನಾಗಿಯೇ ಫೆದರ್ ಆಯಿತು. ಪೈಲಟ್ ಸರಿಯಾಗಿದ್ದ ಎಡ ಎಂಜಿನ್ನನ್ನು ಆರಿಸಿದರು, ಕೊನೆಯ ಗಳಿಗೆಯಲ್ಲಿ ಅದನ್ನು ಅವರೇ ಗುರುತಿಸಿ ಹೇಳಿದ್ದೂ ದಾಖಲಾಗಿದೆ. ವರದಿಯ ಸಿಬ್ಬಂದಿ ವಿಭಾಗಕ್ಕೆ ಹಿಂದಿರುಗಿ ನೋಡಿದರೆ, ಎಂಜಿನ್ ಕೆಟ್ಟಾಗ ನಿಭಾಯಿಸುವುದರಲ್ಲಿ ಅವರಿಗೆ ತೊಂದರೆಯಿದೆಯೆಂಬುದು ತರಬೇತಿಯ ದಾಖಲೆಗಳಲ್ಲಿ ಮೊದಲೇ ಇತ್ತು.

ಸಿಬ್ಬಂದಿ ಮತ್ತು ವಿಮಾನದ ವಿಭಾಗಗಳು

ಹೀಗಾಗಿ ಬೇಸರ ತರಿಸುವಂತೆ ಕಾಣುವ ಈ ಎರಡು ವಿಭಾಗಗಳನ್ನು ಹಾರಿಸಬೇಡಿ. ಸಿಬ್ಬಂದಿ ವಿಭಾಗದಲ್ಲಿ ಒಟ್ಟು ಹಾರಾಟದ ಗಂಟೆಗಳಿಗಿಂತ ಆ ಮಾದರಿಯ ವಿಮಾನದಲ್ಲಿ ಹಾರಿದ ಗಂಟೆಗಳು, ಹಿಂದಿನ ಮೂರು ದಿನಗಳ ಕೆಲಸ ಮತ್ತು ನಿದ್ದೆ, ಹಿಂದಿನ ಪರೀಕ್ಷೆಗಳ ಫಲಿತಾಂಶ ಮುಖ್ಯ. ವಿಮಾನದ ವಿಭಾಗದಲ್ಲಿ ಕೊನೆಯ ದುರಸ್ತಿ ಯಾವಾಗ ಆಯಿತು, ಯಾರು ಮಾಡಿದರು, ಯಾರು ಪರೀಕ್ಷಿಸಿ ಸಹಿ ಹಾಕಿದರು ಎಂದು ಹುಡುಕಿ.

ಮೇಲೆ ಹೇಳಿದ ಟ್ಯುನಿಂಟರ್ ವಿಮಾನಕ್ಕೆ ಹಿಂದಿನ ದಿನ ಇಂಧನ ಮಾಪಕ ಬದಲಿಸಲಾಗಿತ್ತು. ಹಾಕಿದ್ದು ಅದೇ ಕಂಪನಿಯ ಚಿಕ್ಕ ಮಾದರಿಯಾದ ಎಟಿಆರ್ 42ರ ಮಾಪಕ. ಅದು ನೋಡಲು ಹೋಲುತ್ತಿತ್ತು, ಆ ಜಾಗದಲ್ಲಿ ಸರಿಯಾಗಿ ಕೂರುತ್ತಿತ್ತು. ಟ್ಯಾಂಕ್ ಬರಿದಾದಾಗಲೂ ಇಂಧನವಿದೆಯೆಂದೇ ತೋರಿಸುತ್ತಿತ್ತು. ಪೈಲಟ್‌ಗಳು ಎಂಜಿನ್‌ಗಳನ್ನು ಮತ್ತೆ ಚಾಲೂ ಮಾಡಲು ಒದ್ದಾಡಿದ್ದು ಆ ಮಾಪಕವನ್ನು ನಂಬಿ.

ಅಮೆರಿಕದ ಷಾರ್ಲಟ್‌ನಲ್ಲಿ 2003ರ ಜನವರಿ 8ರಂದು ಬಿದ್ದ ಏರ್ ಮಿಡ್‌ವೆಸ್ಟ್‌ನ ಬೀಚ್ 1900 ವಿಮಾನದ ವರದಿ ಈ ವಿಭಾಗವನ್ನು ಓದುವುದಕ್ಕೆ ಇನ್ನೂ ಒಳ್ಳೆಯ ಅಭ್ಯಾಸ. ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್‌ನ ತಂತಿಗಳನ್ನು ದುರಸ್ತಿಯಲ್ಲಿ ತಪ್ಪಾಗಿ ಬಿಗಿಮಾಡಲಾಗಿತ್ತು, ಆ ಕೆಲಸ ಮಾಡಿದ ಮೆಕ್ಯಾನಿಕ್ ಅದನ್ನು ಆಗಷ್ಟೇ ಕಲಿಯುತ್ತಿದ್ದು ಕೆಲವು ಹಂತಗಳನ್ನು ಬಿಟ್ಟಿದ್ದರು. ಹಾಗಿದ್ದೂ ವಿಮಾನ ಒಂಬತ್ತು ಸಲ ಹಾರಿ ಇಳಿಯಿತು. ಆ ದಿನ ಪ್ರಯಾಣಿಕರೂ ಸಾಮಾನುಗಳೂ ತುಂಬಿ ಭಾರ ಹಿಂಭಾಗಕ್ಕೆ ಸರಿದಿತ್ತು, ಮೇಲೇರಿದ ಮೂಗನ್ನು ತಗ್ಗಿಸುವಷ್ಟು ಚಲನೆ ಎಲಿವೇಟರ್‌ಗೆ ಉಳಿದಿರಲಿಲ್ಲ, 21 ಜನ ಸತ್ತರು. ಕಾಗದದ ಮೇಲಿನ ಲೆಕ್ಕದಲ್ಲಿ ಭಾರ ಮಿತಿಯೊಳಗೇ ಇತ್ತು, ಏಕೆಂದರೆ ಆ ಲೆಕ್ಕ ಪ್ರಯಾಣಿಕರ ಸರಾಸರಿ ತೂಕವನ್ನು ನಿಜಕ್ಕಿಂತ ಕಡಿಮೆಯೆಂದು ಹಿಡಿದಿತ್ತು. ಒಂದೊಂದಾಗಿ ನೋಡಿದರೆ ಮಾರಕವಲ್ಲದ ಎರಡು ಕೊರತೆಗಳು ಒಂದು ದಿನ ಒಟ್ಟಿಗೆ ಬಂದವು. ದುರಸ್ತಿಯಾದ ಮೇಲಿನ ಹಾರಾಟಗಳಲ್ಲಿ ನಿಯಂತ್ರಣದ ಸ್ಥಾನ ಬದಲಾಗಿದ್ದುದು ದತ್ತಾಂಶದ ಪೆಟ್ಟಿಗೆಯಲ್ಲೂ ಕಂಡಿತು. ಅಪಘಾತಕ್ಕೆ ಮುಂಚಿನ ಹಾರಾಟಗಳನ್ನೂ ತನಿಖೆ ಪರಿಶೀಲಿಸಿದೆಯೇ ಎಂದು ನೋಡಬೇಕೆನ್ನುವುದು ಇದಕ್ಕೇ.

ಹವಾಮಾನ, ಸಂಪರ್ಕ, ನಿಲ್ದಾಣದ ವಿಭಾಗಗಳನ್ನು ಬೇಗ ಓದಿ ಮುಗಿಸಬಹುದು, ಮುಂದೆ ಬೇಕಾದಾಗ ಹಿಂದಿರುಗಿದರಾಯಿತು. ಅವಶೇಷಗಳ ವಿಭಾಗದಲ್ಲಿ ಚೂರುಗಳು ಎಷ್ಟು ದೂರ ಹರಡಿವೆ ಎಂಬುದನ್ನು ಮೊದಲು ನೋಡಿ: ಮೈಲಿಗಟ್ಟಲೆ ಹರಡಿದ್ದರೆ ವಿಮಾನ ಗಾಳಿಯಲ್ಲೇ ಒಡೆದಿತ್ತೇ ಎಂಬ ಪ್ರಶ್ನೆ ಏಳುತ್ತದೆ, ಒಂದೆಡೆ ರಾಶಿಯಾಗಿದ್ದರೆ ಬೇರೆ ಕಥೆ. ಎಚ್ಚರಿಕೆ ದೀಪದ ಬಲ್ಬಿನ ಒಳಗಿನ ತಂತಿ ಹಿಗ್ಗಿದ್ದರೆ ಅಪ್ಪಳಿಸುವ ಕ್ಷಣದಲ್ಲಿ ಆ ದೀಪ ಉರಿಯುತ್ತಿತ್ತೆಂದು ಹೇಳುವಷ್ಟು ಸೂಕ್ಷ್ಮವಾಗಿ ಅಧಿಕಾರಿಗಳು ಆ ರಾಶಿಯನ್ನು ಜಾಲಾಡುತ್ತಾರೆ. ಬದುಕುಳಿಯುವಿಕೆಯ ವಿಭಾಗ ಓದಲು ಕಷ್ಟ. ಆದರೂ ಆಸನ, ಬೆಲ್ಟ್, ಬಾಗಿಲುಗಳ ಬಗ್ಗೆ ಪ್ರಯಾಣಿಕರಿಗೆ ನೇರವಾಗಿ ಸಂಬಂಧಿಸಿದ್ದು ಇರುವುದು ಅಲ್ಲಿಯೇ.

ವಿಶ್ಲೇಷಣೆಯನ್ನು ಪರೀಕ್ಷಿಸುವುದು

ಎರಡನೆಯ ಅಧ್ಯಾಯಕ್ಕೆ ಬರುವಾಗ ಪೆನ್ಸಿಲ್ ಹಿಡಿದು ಕೂರಿ. ವಿಶ್ಲೇಷಣೆಯ ಪ್ರತಿಯೊಂದು ಮುಖ್ಯ ವಾಕ್ಯದ ಪಕ್ಕದಲ್ಲಿ, ಅದಕ್ಕೆ ಆಧಾರವಾದ ಒಂದನೆಯ ಅಧ್ಯಾಯದ ವಿಭಾಗದ ಸಂಖ್ಯೆ ಬರೆಯಿರಿ. ಆಧಾರ ಸಿಗದ ವಾಕ್ಯ ತನಿಖಾಧಿಕಾರಿಯ ಊಹೆ. ಊಹೆ ಇರಬಾರದೆಂದಲ್ಲ, ಅದು ಊಹೆಯೆಂದು ಓದುಗರಿಗೆ ಗೊತ್ತಿರಬೇಕು. ಬಹುಶಃ, ಸಂಭವನೀಯ, ಖಚಿತಪಡಿಸಲಾಗಲಿಲ್ಲ ಎಂಬ ಪದಗಳನ್ನು ಸುತ್ತುಹಾಕಿ. ಸುದ್ದಿಯಾಗುವಾಗ ಮೊದಲು ಉದುರಿಹೋಗುವುದು ಈ ಪದಗಳೇ.

ಒಳ್ಳೆಯ ವಿಶ್ಲೇಷಣೆ ತಾನು ತಳ್ಳಿಹಾಕಿದ ಕಾರಣಗಳನ್ನೂ ವಿವರಿಸುತ್ತದೆ. 2009ರ ಫೆಬ್ರುವರಿ 12ರ ರಾತ್ರಿ ಅಮೆರಿಕದ ಬಫಲೋ ಬಳಿ ಕಾಲ್ಗನ್ ಏರ್‌ನ 3407ನೆಯ ಫ್ಲೈಟ್ ಮನೆಯೊಂದರ ಮೇಲೆ ಬಿದ್ದು ಒಳಗಿದ್ದ 49 ಜನರೂ ಕೆಳಗಿದ್ದ ಒಬ್ಬರೂ ಸತ್ತಾಗ ಎಲ್ಲರ ಮೊದಲ ಅನುಮಾನ ಹಿಮದ ಮೇಲಿತ್ತು. ಹಿಮ ಕಟ್ಟಿದ್ದು ನಿಜ, ಆದರೆ ಆ ವಿಮಾನವನ್ನು ಕೆಡವುವಷ್ಟು ಇರಲಿಲ್ಲವೆಂದು ತನಿಖೆ ತೋರಿಸಿತು. ವೇಗ ಇಳಿಯುತ್ತಿದ್ದುದು ಇಬ್ಬರ ಗಮನಕ್ಕೂ ಬರಲಿಲ್ಲ. ಹಿಡಿ ನಡುಗಿ ಎಚ್ಚರಿಸಿದಾಗ ಮೂಗನ್ನು ತಗ್ಗಿಸಿ ವೇಗ ಪಡೆಯಬೇಕಾದಲ್ಲಿ ಕ್ಯಾಪ್ಟನ್ ಹಿಡಿಯನ್ನು ಹಿಂದಕ್ಕೆಳೆದರು.

ತೀರ್ಮಾನಗಳ ಪಟ್ಟಿಯಲ್ಲಿರುವುದೆಲ್ಲ ಕಾರಣಗಳಲ್ಲ. ಪರವಾನಗಿ ಸರಿಯಾಗಿತ್ತು, ಎಂಜಿನ್ ಸುಸ್ಥಿತಿಯಲ್ಲಿತ್ತು ಎಂಬಂಥವೂ ಅದರಲ್ಲಿ ಸೇರಿರುತ್ತವೆ. ಕಾರಣವನ್ನೂ ಅದಕ್ಕೆ ಪೂರಕವಾದ ಅಂಶಗಳನ್ನೂ ಬೇರೆಯಾಗಿ ಹೇಳಿರುವ ಭಾಗವನ್ನು ಗುರುತಿಸಿ, ಒಂದು ಅಂಶ ಕಾರಣದ ಸಾಲಿನಲ್ಲಿದೆಯೋ ಪೂರಕ ಅಂಶಗಳ ಸಾಲಿನಲ್ಲಿದೆಯೋ ಎಂಬುದನ್ನು ನೋಡಿ. ಅದರ ಹಿಂದೆ ಬಹಳ ಚರ್ಚೆ ನಡೆದಿರುತ್ತದೆ. ಕಾಲ್ಗನ್ ಪ್ರಕರಣದಲ್ಲಿ ಸಹಪೈಲಟ್ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ದೇಶ ದಾಟಿ ಕೆಲಸಕ್ಕೆ ಬಂದಿದ್ದರು. ದಣಿವು ಅವರ ಕೆಲಸದ ಮೇಲೆ ಪರಿಣಾಮ ಬೀರಿರಬಹುದು, ಆದರೆ ಎಷ್ಟೆಂದು ಹೇಳಲಾಗದೆಂದು ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅದನ್ನು ಕಾರಣಗಳಿಂದ ಹೊರಗಿಟ್ಟಿತು. ಆಗ ಅಧ್ಯಕ್ಷೆಯಾಗಿದ್ದ ಡೆಬೊರಾ ಹರ್ಸ್‌ಮನ್ ಅದನ್ನು ಒಪ್ಪದೆ ತಮ್ಮ ಭಿನ್ನಮತವನ್ನು ವರದಿಯ ಕೊನೆಯಲ್ಲಿ ದಾಖಲಿಸಿದರು. ಆ ಪುಟಗಳನ್ನು ಓದದಿದ್ದರೆ ವರದಿ ಪೂರ್ತಿ ಓದಿದಂತಾಗುವುದಿಲ್ಲ.

ದೇಶಗಳ ನಡುವಿನ ಭಿನ್ನಮತವೂ ಹಾಗೆಯೇ. ಕರಡನ್ನು ಸಂಬಂಧಪಟ್ಟ ದೇಶಗಳಿಗೆ ಕಳಿಸಿ 60 ದಿನಗಳ ಕಾಲಾವಕಾಶ ಕೊಡಬೇಕು, ಒಪ್ಪದ ಟಿಪ್ಪಣಿಗಳನ್ನು ಅವರು ಬಯಸಿದರೆ ಅಡಕದಲ್ಲಿ ಸೇರಿಸಬೇಕು. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್‌ನಲ್ಲಿ ಎಟಿಆರ್ 72 ಬಿದ್ದು 68 ಜನ ಸತ್ತ ಪ್ರಕರಣದಲ್ಲಿ, ರೆಕ್ಕೆಯ ಅಂಚಿನ ಹಿಮ ಉದುರಿಸುವ ರಬ್ಬರ್ ಪಟ್ಟಿಗಳ ಹಿಂದೆ ಕಟ್ಟಿದ ಹಿಮದ ದಿಣ್ಣೆಯಿಂದ ನಿಯಂತ್ರಣ ಕೈತಪ್ಪಿತೆಂದು ಅಮೆರಿಕದ ಮಂಡಳಿ ಹೇಳಿತು, ತಯಾರಕರು ಮತ್ತು ನಿಯಂತ್ರಕರ ಲೋಪವನ್ನೂ ಎತ್ತಿ ತೋರಿಸಿತು. ಫ್ರಾನ್ಸ್‌ನ ತನಿಖಾ ಸಂಸ್ಥೆ ಒಪ್ಪಲಿಲ್ಲ; ಎಟಿಆರ್ ತಯಾರಾಗುವುದು ಆ ದೇಶದಲ್ಲಿ. ಅದರ ಉತ್ತರವೇ ವರದಿಯ ಎರಡನೆಯ ಸಂಪುಟವಾಯಿತು. 2002ರಲ್ಲಿ ಮೊದಲ ಸಂಪುಟದ ಪರಿಷ್ಕೃತ ಪ್ರತಿ ಬಂತು. ಈ ಪ್ರಕರಣವನ್ನು ಓದುವವರು ಎರಡೂ ಸಂಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಪ್ಪಿದ ಸಂಗತಿಗಳು ಯಾವುವು, ಒಪ್ಪದ ವ್ಯಾಖ್ಯಾನ ಎಲ್ಲಿ ಶುರುವಾಗುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು.

ಶಿಫಾರಸುಗಳ ಬೆನ್ನು ಹತ್ತುವುದು

ನಾಲ್ಕನೆಯ ಅಧ್ಯಾಯವೇ ವರದಿಯ ಫಲ. ತನಿಖಾ ಸಂಸ್ಥೆಗೆ ಆದೇಶ ಹೊರಡಿಸುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ, ಅದು ಶಿಫಾರಸು ಮಾಡಬಲ್ಲದು ಅಷ್ಟೆ. ಇನ್ನೊಂದು ದೇಶದಿಂದ ಶಿಫಾರಸು ಬಂದರೆ ಏನು ಕ್ರಮ ಕೈಗೊಂಡೆವು, ಅಥವಾ ಏಕೆ ಕೈಗೊಳ್ಳಲಿಲ್ಲ ಎಂದು 90 ದಿನಗಳೊಳಗೆ ತಿಳಿಸಬೇಕೆಂದು 13ನೆಯ ಅನುಬಂಧ ಹೇಳುತ್ತದೆ. ಪ್ರತಿ ಶಿಫಾರಸು ಯಾರಿಗೆ, ಯಾವ ತೀರ್ಮಾನದಿಂದ ಹುಟ್ಟಿದ್ದು ಎಂದು ಬರೆದುಕೊಳ್ಳಿ. "ತರಬೇತಿ ಸುಧಾರಿಸಬೇಕು" ಎಂಬಂಥ ಸಡಿಲವಾದ ವಾಕ್ಯಕ್ಕೂ, ಯಾವ ತರಬೇತಿ ಯಾರಿಗೆ ಯಾವ ರೀತಿಯಲ್ಲಿ ಎಂದು ಹೇಳುವ ವಾಕ್ಯಕ್ಕೂ ಇರುವ ಅಂತರ ಗಮನಿಸಿ. ಮೊದಲ ಬಗೆಯದನ್ನು ಜಾರಿಗೆ ತಂದೆವೆಂದು ಯಾರು ಬೇಕಾದರೂ ಹೇಳಿಕೊಳ್ಳಬಹುದು.

ವರದಿಯ ನಂತರ ಬರುವ ಕಾನೂನು ವರದಿಯ ಶಿಫಾರಸೇ ಆಗಿರಬೇಕೆಂದಿಲ್ಲ. ಕಾಲ್ಗನ್ ಅಪಘಾತದಲ್ಲಿ ಸತ್ತವರ ಕುಟುಂಬಗಳು ಪಟ್ಟುಹಿಡಿದು ಹೋರಾಡಿದ್ದರಿಂದ 2010ರಲ್ಲಿ ಅಮೆರಿಕದ ಸಂಸತ್ತು ಹೊಸ ಕಾನೂನು ತಂದಿತು, ಅದರಿಂದಾಗಿ ಸಹಪೈಲಟ್‌ಗಳಿಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಕಡ್ಡಾಯವಾಯಿತು. ಆ ವಿಮಾನದ ಇಬ್ಬರೂ ಪೈಲಟ್‌ಗಳಿಗೆ ಅದಕ್ಕಿಂತ ಹೆಚ್ಚಿನ ಅನುಭವವಿತ್ತು. ಗಂಟೆಗಳ ಆ ಮಿತಿ ಮಂಡಳಿಯ ಶಿಫಾರಸೂ ಆಗಿರಲಿಲ್ಲ. ಆ ಕಾನೂನಿನಲ್ಲಿದ್ದ ತರಬೇತಿ ಮತ್ತು ದಣಿವಿನ ನಿಯಮಗಳು ವರದಿಗೆ ಹೆಚ್ಚು ಹತ್ತಿರವಾದವು. ಯಾವುದು ಸಾಕ್ಷ್ಯದಿಂದ ಬಂತು, ಯಾವುದು ಸಾರ್ವಜನಿಕ ಒತ್ತಡದಿಂದ ಬಂತು ಎಂದು ಬೇರ್ಪಡಿಸಲು ವರದಿ ಓದಿದವರಿಗಷ್ಟೇ ಸಾಧ್ಯ.

ಅಮೆರಿಕದ ಮಂಡಳಿ ತನ್ನ ಪ್ರತಿ ಶಿಫಾರಸಿನ ಸ್ಥಿತಿಯನ್ನು ಪ್ರಕಟಿಸುತ್ತದೆ: ತೆರೆದಿದೆಯೋ ಮುಚ್ಚಿದೆಯೋ, ಬಂದ ಉತ್ತರ ಒಪ್ಪತಕ್ಕದ್ದೋ ಅಲ್ಲವೋ ಎಂದು. ಇಂಥ ಸೌಲಭ್ಯವಿಲ್ಲದ ದೇಶಗಳಲ್ಲಿ ನಿಯಂತ್ರಕ ಸಂಸ್ಥೆಯ ಸುತ್ತೋಲೆಗಳನ್ನೂ ಸಂಸತ್ತಿನ ಪ್ರಶ್ನೋತ್ತರಗಳನ್ನೂ ಹುಡುಕಬೇಕಾಗುತ್ತದೆ. ವರದಿ ಓದಿ ಮುಗಿಸಿದ ದಿನವೇ ಶಿಫಾರಸುಗಳ ಪಟ್ಟಿಯನ್ನು ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ, ವರ್ಷ ಕಳೆದ ಮೇಲೆ ಒಂದೊಂದನ್ನೂ ಮತ್ತೆ ಹುಡುಕಿ ನೋಡಿ. ಉತ್ತರ ಸಿಗದ ಶಿಫಾರಸು ಯಾವುದೆಂದು ಗೊತ್ತಾದರೆ, ಪತ್ರಿಕೆಗೂ ನಿಮ್ಮ ಜನಪ್ರತಿನಿಧಿಗೂ ಅದರ ಸಂಖ್ಯೆ ಹಾಕಿಯೇ ಪತ್ರ ಬರೆಯಬಹುದು.